ಹದಿನೇಳು ಸಾವಿರ ಹೆಜ್ಜೆ

ನನ್ನ ಅಣ್ಣ ದರ್ಜಿ, ನಾನು ಅಂಚೆ ಹಂಚುವವಳು. ಅವನು ಬೆಳಿಗ್ಗೆ ಏಳಕ್ಕೆ ಮಷಿನ್ನಿನ ಮುಂದೆ ಕೂತರೆ ಊಟಕ್ಕೂ ಸರಿಯಾಗಿ ಏಳುವವನಲ್ಲ. ನಾನು ಚೀಲ ಹೆಗಲಿಗೇರಿಸಿದರೆ ಹದಿನಾಲ್ಕು ಕಿಲೋಮೀಟರು ಮುಗಿಯುವವರೆಗೆ ಕೂರುವವಳಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಹೀಗೆ ಹೇಗೆ ಎಂದು ಯಾರಾದರೂ ಕೇಳಿದರೆ ನನ್ನ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು: ಅವನು ಸೋಮಾರಿ, ನಾನು ಚುರುಕು. ಅವನ ಮುಂದೆಯೇ, ಅವನ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದೆ. ಅವನು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದ.

ಅವನು ನನ್ನನ್ನು ಕರೆಯುವುದು ಬುಗುರಿ ಎಂದು. ಸಣ್ಣವಳಿದ್ದಾಗ ನಿಂತಲ್ಲಿ ನಿಲ್ಲುತ್ತಿರಲಿಲ್ಲವಂತೆ. ಅಮ್ಮನೂ ಹಾಗೆಯೇ. ಐದು ಕಟ್ಟಡಗಳ ಮೆಟ್ಟಿಲು ಒರೆಸುವ ಕೆಲಸ ಅವಳದು. ಮನೆಗೆ ಬಂದ ಮೇಲೂ ನಿಂತುಕೊಂಡೇ ಉಣ್ಣುತ್ತಿದ್ದಳು. ಅಪ್ಪ ದರ್ಜಿ. ಅವನು ನಿಂತಿದ್ದನ್ನು ನೋಡಿದ ನೆನಪೇ ನನಗೆ ಕಡಿಮೆ. ಐವತ್ತಾರನೆಯ ವಯಸ್ಸಿನಲ್ಲಿ ಯಾರದೋ ಕೋಟಿನ ತೋಳು ಹೊಲಿಯುತ್ತಾ ಮಷಿನ್ನಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಈಗ ಅಣ್ಣನಿಗೆ ಐವತ್ತನಾಲ್ಕು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಅಷ್ಟೇ. ಬೀದಿಗೆ ತೆರೆದ ಬಾಗಿಲು, ಬಾಗಿಲ ಬೆಳಕು ಬೀಳುವ ಕಡೆ ಅಪ್ಪನ ಕಾಲದ ತುಳಿಯುವ ಮಷಿನ್ನು, ಅದರ ಹಿಂದೆ ಪರದೆ, ಪರದೆಯಾಚೆ ಮಂಚ, ಒಲೆ, ಬಚ್ಚಲು. ಮಂಚದಿಂದ ಮಷಿನ್ನಿಗೆ ಹನ್ನೊಂದು ಹೆಜ್ಜೆ, ನಾನೇ ಅಳೆದಿದ್ದೇನೆ. ಕತ್ತರಿ ಬಲಕ್ಕೆ, ಇಸ್ತ್ರಿ ಎಡಕ್ಕೆ, ದಾರದ ಉಂಡೆಗಳು ತಲೆಯ ಮೇಲಿನ ಹಲಗೆಯಲ್ಲಿ. ಕೈ ಚಾಚಿದರೆ ಎಲ್ಲ ಸಿಗಬೇಕು. ಸಿಗದಿದ್ದರೆ ಅತ್ತಿಗೆ ಇದ್ದಾಳೆ. ಅವನ ಕಾಲ ಬಳಿಯೇ ನೆಲದ ಮೇಲೆ ಕೂತು ಗುಂಡಿ ಹಾಕುತ್ತಾ, ಕಾಜ ಹೊಲಿಯುತ್ತಾ, ಅವನು ಕೆಮ್ಮಿದರೆ ನೀರು, ತಲೆ ಎತ್ತಿದರೆ ಚಹಾ ಕೊಡುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಿದ್ದಳು ಪಾಪ. ಆದರೆ ಎದ್ದೇಳುವುದಕ್ಕೆ ಅವನಿಗೆ ಒಂದೇ ಒಂದು ನೆಪವನ್ನೂ ಉಳಿಸಿರಲಿಲ್ಲ.

ಸಕ್ಕರೆ ಕಾಯಿಲೆ ಎಂಟು ವರ್ಷದಿಂದ ಇತ್ತು. ಕಾಲಿನದು ಶುರುವಾದದ್ದು ಹೋದ ವರ್ಷ. ಬೀದಿಯ ಕೊನೆಯಲ್ಲಿರುವ ಕ್ಷೌರದಂಗಡಿಗೆ ಹೋಗುವಾಗ ಅಣ್ಣ ನಡುವೆ ಎರಡು ಸಲ ಗೋಡೆ ಹಿಡಿದು ನಿಂತನಂತೆ. ಮೀನಖಂಡ ಹಿಂಡಿದಂತೆ ಆಗುತ್ತದೆ ಎಂದನಂತೆ. ಅತ್ತಿಗೆ ಇದನ್ನು ನನಗೆ ಹೇಳುವಷ್ಟರಲ್ಲಿ, ಕೂದಲು ಕತ್ತರಿಸಲು ಇನ್ನು ಮೇಲೆ ಮನೆಗೇ ಬಾ ಎಂದು ಕ್ಷೌರದಂಗಡಿಯವನಿಗೆ ಹೇಳಿಯೂ ಆಗಿತ್ತು. ನನಗೆ ಎಲ್ಲಿತ್ತೋ ಕೋಪ. ಮಾರನೆಯ ದಿನವೇ ರಜೆ ಹಾಕಿ, ಅವನನ್ನು ಎಬ್ಬಿಸಿ, ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವಳು. ಅವನ ಪಾದದ ಮೇಲೆ ಎರಡು ಬೆರಳಿಟ್ಟು ತುಂಬ ಹೊತ್ತು ನಾಡಿ ಹುಡುಕಿದಳು. ಕಾಲಿನ ರಕ್ತನಾಳಗಳು ಕಿರಿದಾಗಿವೆ ಎಂದಳು. ಒಂದು ಚಿಕ್ಕ ಬಲೂನು ತೂರಿಸಿ ಅವನ್ನು ಅಗಲ ಮಾಡಬಹುದು. ಅದಕ್ಕೆ ಆರು ವಾರದ ನಂತರದ ದಿನ ಗೊತ್ತುಮಾಡಿದಳು. ಅಲ್ಲಿಯವರೆಗೆ ದಿನಾ ನಡೆಯಬೇಕು. ನೋವು ಬಂದರೆ ನಿಲ್ಲಬೇಕು, ಹೋದ ಮೇಲೆ ಮತ್ತೆ ನಡೆಯಬೇಕು. ಹಾಗೆ ನಡೆದರೆ ಕಾಲು ತಾನೇ ಹೊಸ ದಾರಿ ಮಾಡಿಕೊಂಡು ರಕ್ತ ತರಿಸಿಕೊಳ್ಳುತ್ತದೆ, ನಡೆಯದಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು.

"ನಿಮ್ಮ ತಂದೆಗೂ ಹೀಗೇ ಕಾಲು ನೋವಿತ್ತಾ?"

"ನಮ್ಮಪ್ಪ ಎದ್ದಿದ್ರೆ ತಾನೇ ಕಾಲು ನೋಯತ್ತೆ ಅಂತ ಗೊತ್ತಾಗೋದು," ಎಂದೆ ನಾನು. "ಇವನೂ ಅದೇ ಅಚ್ಚು, ಡಾಕ್ಟ್ರೇ. ಮೂವತ್ತು ವರ್ಷದಿಂದ ಬಡ್ಕೊಳ್ತಾ ಇದ್ದೀನಿ, ಎದ್ದೇಳು, ಬೀದಿ ಕೊನೆವರೆಗಾದ್ರೂ ಹೋಗಿ ಬಾ ಅಂತ. ಕಿವಿಗೇ ಹಾಕ್ಕೊಳಲ್ಲ."

ಅವಳು ನಕ್ಕಳು. "ಕೆಲವರಿಗೆ ಓಡಾಡ್ಬೇಕು ಅನ್ನೋ ಸೆಳೆತ ಹುಟ್ಟಿನಿಂದಲೇ ಇರತ್ತೆ. ಕೆಲವರಿಗೆ ಇರಲ್ಲ. ಅವಳಿಜವಳಿಗಳನ್ನೆಲ್ಲ ಪರೀಕ್ಷೆ ಮಾಡಿ ನೋಡಿದಾರೆ. ಹೆಚ್ಚುಕಮ್ಮಿ ಅರ್ಧ ರಕ್ತದಲ್ಲಿ ಬರತ್ತೆ, ಇನ್ನುಳಿದದ್ದು ಬೆಳೆದ ಮನೆ, ಮಾಡೋ ಕೆಲಸ, ಇರೋ ಬೀದಿ. ಇಲ್ಲಿಗೆ ಇದು, ಇಲ್ಲಿಂದ ಅದು ಅಂತ ಗೀಟು ಹಾಕಿ ಹೇಳಕ್ಕಾಗಲ್ಲ."

"ಹಾಗಾದ್ರೆ ನಾನು ಯಾವ ಅರ್ಧಕ್ಕೆ ಬಯ್ಯಲಿ?"

"ಬಯ್ಯೋದು ಬಿಡಿ. ನಡೆಸಿ," ಎಂದು ಅವಳು ಮೇಜಿನ ಖಾನೆಯಿಂದ ಹೆಜ್ಜೆ ಎಣಿಸುವ ಒಂದು ಕೈಪಟ್ಟಿ ತೆಗೆದು ಅಣ್ಣನ ಕೈಗೆ ಕಟ್ಟಿದಳು. ಆಸ್ಪತ್ರೆಯದು, ಹುಷಾರಾಗಿ ನೋಡಿಕೊಳ್ಳಿ, ದಿನಕ್ಕೆ ಆರು ಸಾವಿರ ಮುಟ್ಟಿದರೆ ಸಂತೋಷ ಎಂದಳು.

ಬರುವಾಗ ಆಟೋದಲ್ಲಿ ಅಣ್ಣ ಆ ಪಟ್ಟಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನನಗೆ ಅವಳ ಗೀಟಿನ ಮಾತು ತಲೆಯಲ್ಲೇ ಕೂತಿತ್ತು. ಅಣ್ಣನಿಗೆ ಒಂಬತ್ತು ವರ್ಷವಾದಾಗ ಅಪ್ಪ ಅವನನ್ನು ಮಷಿನ್ನಿಗೆ ಕೂರಿಸಿದ್ದ, ಯಾಕೆಂದರೆ ಅವನು ಕೂರಿಸಿದಲ್ಲಿ ಕೂರುವ ಮಗು. ಹೊಲಿದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸಲು ನನ್ನನ್ನು ಓಡಿಸುತ್ತಿದ್ದ, ಯಾಕೆಂದರೆ ನಾನು ಹೇಗೂ ಓಡುತ್ತಿದ್ದೆ. ಅವನನ್ನು ಓಡಿಸಿ ನನ್ನನ್ನು ಕೂರಿಸಿದ್ದರೆ ಏನಾಗುತ್ತಿತ್ತು ಎಂದು ಮೊದಲ ಸಲ ಯೋಚಿಸಿದೆ. ನಾನು ನಾಲ್ಕು ದಿನಕ್ಕೇ ಮಷಿನ್ನಿಗೆ ಬೆಂಕಿ ಇಡುತ್ತಿದ್ದೆ ಅನ್ನಿಸಿತು. ಅವನೇನು ಮಾಡುತ್ತಿದ್ದನೋ ಗೊತ್ತಾಗಲಿಲ್ಲ.

ಮಾರನೆಯ ದಿನ ಸಂಜೆ ಕೆಲಸ ಮುಗಿಸಿ ಅಂಗಡಿಗೆ ಹೋದೆ. ಪಟ್ಟಿ ದಾರದ ಡಬ್ಬಿಯಲ್ಲಿ ಬಿದ್ದಿತ್ತು.

"ಕೈಗೆ ಕಟ್ಕೊಂಡ್ರೆ ಕೆಲಸ ಮಾಡಕ್ಕಾಗಲ್ಲ ಬುಗುರಿ," ಎಂದ. ಎಡಗೈ ಮಣಿಕಟ್ಟಿನಲ್ಲಿ ಗುಂಡುಸೂಜಿ ಚುಚ್ಚುವ ಪುಟ್ಟ ದಿಂಬು ಇರುತ್ತದೆ, ಅಲ್ಲಿ ಜಾಗವಿಲ್ಲ. ಬಲಗೈಗೆ ಕಟ್ಟಿದರೆ ಅದರ ಕೊಂಡಿ ಲೇಸಿಗೆ ಸಿಕ್ಕಿಕೊಂಡು ಒಬ್ಬರ ಲಂಗವನ್ನೇ ಹರಿದಿತ್ತು. "ಸಂಜೆ ಕೆಲಸ ಮುಗಿದ ಮೇಲೆ ಕಟ್ಕೋತೀನಿ ಬಿಡು."

"ಸಂಜೆ ಅಂತೆ. ನಿನ್ನ ಸಂಜೆ ನನಗೆ ಗೊತ್ತಿಲ್ವಾ?" ಎಂದು ನಾನೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಅತ್ತಿಗೆಯ ಬುಟ್ಟಿಯಿಂದ ಎಲಾಸ್ಟಿಕ್ ತುಂಡೊಂದನ್ನು ತೆಗೆದು, ಪಟ್ಟಿಯನ್ನು ಅವನ ಬಲಗಾಲಿನ ಹರಡಿಗೆ ಬಿಗಿದು ಕಟ್ಟಿದೆ. ನಡೆಯುವುದು ಕಾಲು ತಾನೇ, ಕಾಲಿಗೇ ಇರಲಿ, ಬಿಚ್ಚಿದರೆ ನೋಡು ಎಂದೆ. ಮೂವತ್ತು ವರ್ಷ ಬಾಗಿಲು ಬಾಗಿಲಿಗೆ ವಿಳಾಸ ತಪ್ಪದೆ ಕಾಗದ ಮುಟ್ಟಿಸಿದವಳು ನಾನು. ಆ ಗಂಟು ಹಾಕುವಾಗ ಅವನ ಕಾಲ ಕೆಳಗೇ ಇದ್ದ ಕಬ್ಬಿಣದ ಪೆಡಲು ನನ್ನ ಕಣ್ಣಿಗೆ ಬೀಳಲಿಲ್ಲ.

ಅದೇ ವಾರ ನಮ್ಮ ಕಚೇರಿಯಲ್ಲಿ ಒಬ್ಬನಿಗೆ ಮಂಡಿ ಮುರಿದು ಅವನ ಬೀದಿಗಳೂ ನನ್ನ ಪಾಲಿಗೆ ಬಂದವು. ಅಂಗಡಿಯ ಕಡೆ ಹೋಗಲಾಗಲಿಲ್ಲ. ಅತ್ತಿಗೆ ದಿನಾ ಸಂಜೆ ಫೋನು ಮಾಡಿ ಪಟ್ಟಿಯಲ್ಲಿ ಬಂದ ಸಂಖ್ಯೆ ಓದುತ್ತಿದ್ದಳು. ಮೊದಲ ದಿನ ಒಂಬತ್ತು ಸಾವಿರ. ನಾನು ನಂಬಲಿಲ್ಲ, ಮತ್ತೊಮ್ಮೆ ಓದಿಸಿದೆ. ಎರಡನೆಯ ವಾರಕ್ಕೆ ಹನ್ನೊಂದು ಸಾವಿರ. ಪತ್ರ ವಿಂಗಡಿಸುವ ಮೇಜಿನ ಸುತ್ತ ಇದ್ದವರಿಗೆಲ್ಲ ಹೇಳಿದೆ: ನನ್ನಣ್ಣ, ಆ ಕಲ್ಲುಗುಂಡು, ಎದ್ದು ನಡೆಯುತ್ತಿದ್ದಾನೆ! ಒಂದು ಸಂಜೆ ಫೋನನ್ನು ಅವನ ಕೈಗೇ ಕೊಡಿಸಿ, "ಭೇಷ್ ಅಣ್ಣ, ನೀನು ಹೀಗೆ ಮಾಡ್ತೀಯ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ," ಎಂದೆ.

"ನಾಳೆ ಹನ್ನೆರಡು ಮಾಡ್ತೀನಿ," ಎಂದ. ಅವನ ದನಿಯಲ್ಲಿ ಅಷ್ಟು ಸಂತೋಷ ಕೇಳಿ ನನಗೆ ನಾಚಿಕೆಯಾಯಿತು. ಅವನನ್ನು ನಾನು ಅಲ್ಲಿಯವರೆಗೆ ಒಂದು ಸಲವೂ ಹೊಗಳಿರಲಿಲ್ಲ.

ಆರು ವಾರಕ್ಕೆ ಆಸ್ಪತ್ರೆಗೆ ಹೋದೆವು. ಹೊರಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಗಂಟು ಬಿಚ್ಚದೆ ಹೊರಗೇ ಕಾಲಿನಿಂದ ಜಾರಿಸಿ ತೆಗೆದಿದ್ದ ಪಟ್ಟಿಯನ್ನು ಡಾಕ್ಟರು ಕಂಪ್ಯೂಟರಿಗೆ ಹಿಡಿದು ನೋಡಿ ಹುಬ್ಬೇರಿಸಿದಳು. ದಿನಕ್ಕೆ ಹನ್ನೆರಡು ಸಾವಿರಕ್ಕೆ ಕಡಿಮೆಯಿಲ್ಲ.

"ನೋವು ಹೇಗಿದೆ?"

"ಈಗ ಬರೋದೇ ಇಲ್ಲ," ಎಂದ ಅಣ್ಣ. ಅದು ನಿಜವೇ ಆಗಿತ್ತು.

"ಇಷ್ಟು ನಡೆಯೋರಿಗೆ ಬಲೂನು ಈಗಲೇ ಬೇಡ. ಕಾಲು ತಾನೇ ಸರಿ ಮಾಡ್ಕೊಳ್ತಾ ಇದೆ. ಮೂರು ತಿಂಗಳು ಬಿಟ್ಟು ನೋಡೋಣ," ಎಂದು ಗೊತ್ತಾಗಿದ್ದ ದಿನವನ್ನು ಹೊಡೆದು ಹಾಕಿದಳು. ಹೊರಗಿನ ಗದ್ದಲದಲ್ಲಿ ಅವಳಿಗೆ ಅವನ ಕಾಲುಚೀಲ ಬಿಚ್ಚಿಸುವಷ್ಟು ಪುರುಸೊತ್ತಿರಲಿಲ್ಲ. ಇಳಿಯುವಾಗ ಅಣ್ಣ ಮೆಟ್ಟಿಲಿನ ಕಂಬಿ ಹಿಡಿದು ಮೂರು ಕಡೆ ನಿಂತ. ದಿನಾ ಅಷ್ಟು ನಡೆದು ದಣಿದಿರುತ್ತಾನೆ ಎಂದುಕೊಂಡೆ ನಾನು. ಎಂಥ ದಡ್ಡಿ.

ಮತ್ತೆ ಎರಡು ತಿಂಗಳು ಕಳೆದವು. ಮಂಡಿ ಮುರಿದವನು ಕೆಲಸಕ್ಕೆ ವಾಪಸಾದ. ಒಂದು ಶನಿವಾರ ಬೇಗ ಬಿಡುವಾಗಿ, ಮುಂಚೆ ತಿಳಿಸದೆ ಮಧ್ಯಾಹ್ನದ ಹೊತ್ತಿಗೇ ಅಂಗಡಿಗೆ ಹೋದೆ. ಬಾಗಿಲಲ್ಲೇ ಒಂದು ಶಾಲೆಯ ಸಮವಸ್ತ್ರದ ಕಡುನೀಲಿ ಬಟ್ಟೆ ಥಾನು ಥಾನಾಗಿ ಬಿದ್ದಿತ್ತು. ಅದರ ಹಿಂದೆ ಅಣ್ಣ, ಮಷಿನ್ನಿನ ಕಟಕಟ ಸದ್ದು.

"ಬಾ ಬುಗುರಿ. ಸರಿಯಾದ ಹೊತ್ತಿಗೆ ಬಂದೆ," ಎಂದ ತಲೆಯೆತ್ತದೆ. "ಕೆಳಗೆ ನೋಡು. ಇವತ್ತು ಹದಿನೇಳು ದಾಟತ್ತೆ."

ನೋಡಿದೆ. ಅವನ ಪಾದಗಳು ಪೆಡಲಿನ ಮೇಲೆ ಏಳುತ್ತಾ ಬೀಳುತ್ತಾ ಇದ್ದವು. ನಾನು ಕಟ್ಟಿದ್ದ ಗಂಟು ಹಾಗೇ ಇತ್ತು. ಪಟ್ಟಿಯ ಪುಟ್ಟ ಗಾಜಿನಲ್ಲಿ ಹಸಿರು ಅಂಕಿಗಳು ಒಂದರ ಮೇಲೊಂದು ಏರುತ್ತಿದ್ದವು.

"ಅಣ್ಣ, ನೀನು ನಡೆಯೋದು ಯಾವಾಗ?"

"ನಡೆಯೋದೇನು? ಕಾಲು ಇಡೀ ದಿನ ಆಡ್ತಾನೇ ಇದೆಯಲ್ಲ. ಆಸ್ಪತ್ರೆ ಮಷಿನ್ನೇ ಹೆಜ್ಜೆ ಅಂತ ಎಣಿಸ್ತಿದೆ, ಡಾಕ್ಟ್ರು ನೋಡಿ ಸರಿ ಅಂದ್ರು. ಇನ್ನೇನು ಬೇಕು?" ಎಂದು ಅವನು ಹೊಲಿಗೆ ನಿಲ್ಲಿಸಿದ. "ನೀನು ಭೇಷ್ ಅಂದ್ಯಲ್ಲ, ಆಮೇಲೆ ಒಂದು ದಿನಾನೂ ತಪ್ಪಿಸಿಲ್ಲ. ಸಂಖ್ಯೆ ಏರ್ಲಿ ಅಂತಲೇ ಈ ಶಾಲೆ ಕೆಲಸ ಒಪ್ಕೊಂಡೆ. ಮೊದಲಿಗಿಂತ ಎರಡು ಗಂಟೆ ಹೆಚ್ಚೇ ಕೂರ್ತೀನಿ ಈಗ."

ಅವನ ಮುಖದಲ್ಲಿ ಮೋಸದ ನೆರಳೂ ಇರಲಿಲ್ಲ. ಮೋಸ ಮಾಡಿದ್ದರೆ ಕೂಗಾಡಿ ಹಗುರಾಗುತ್ತಿದ್ದೆ. ಅವನಿಗೆ ಎಂಟು ಗಂಟೆ ತುಳಿದರೂ ನೋಯದ ಕಾಲು ಬೀದಿಯಲ್ಲಿ ನೂರು ಹೆಜ್ಜೆಗೆ ಹಿಂಡುತ್ತಿತ್ತು; ನೋಯದ ಕೆಲಸವನ್ನೇ ಆಸ್ಪತ್ರೆಯ ಪಟ್ಟಿ ಹೆಜ್ಜೆ ಎಂದು ಎಣಿಸಿದರೆ ಯಾರಾದರೂ ನೋಯುವುದನ್ನು ಹುಡುಕಿಕೊಂಡು ಹೋಗುತ್ತಾರೆಯೇ? ನಾನು ಅವನ ಕಾಲ ಬಳಿ ಕೂತು ಪಟ್ಟಿ ಬಿಚ್ಚಿದೆ. ಆಗ ಹೆಬ್ಬೆರಳು ಕಂಡಿತು. ಉಗುರಿನ ಸುತ್ತ ಕಡುನೀಲಿ, ತುದಿಯಲ್ಲಿ ಕಪ್ಪು.

"ಅದು ಬಟ್ಟೆ ಬಣ್ಣ ಕಣೇ," ಎಂದಳು ಅತ್ತಿಗೆ, ನನ್ನ ಮುಖ ನೋಡಿ. "ಈ ಸಲದ ಥಾನು ಬಣ್ಣ ಬಿಡ್ತಾ ಇದೆ, ನನ್ನ ಕೈ ನೋಡು. ನಾನು ದಿನಾ ಸೋಪು ಹಾಕಿ ಉಜ್ತೀನಿ. ಹೋಗ್ತಾನೇ ಇಲ್ಲ."

ಅವಳ ಕೈಬೆರಳುಗಳೂ ನಿಜವಾಗಿ ನೀಲಿಯಾಗಿದ್ದವು. ಅವಳು ಹೇಳುತ್ತಾ ಹೇಳುತ್ತಾ ತನ್ನ ಬೆರಳನ್ನು ಸೆರಗಿನ ತುದಿಗೆ ಉಜ್ಜಿದಳು. ಬಣ್ಣ ಸೆರಗಿಗೆ ಹತ್ತಿತು. ಆಮೇಲೆ ಅವನ ಹೆಬ್ಬೆರಳನ್ನು ಉಜ್ಜಿದಳು. ಮತ್ತೂ ಉಜ್ಜಿದಳು. ಅಣ್ಣನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನನ್ನ ಕಡೆ ನೋಡುತ್ತಾ, ಯಾಕೆ ಪಟ್ಟಿ ಬಿಚ್ಚಿದೆ ಎಂದು ಕೇಳುತ್ತಿದ್ದ.

ನನಗೆ ಬುದ್ಧಿ ನೆಟ್ಟಗಿದ್ದಿದ್ದರೆ ಆ ಕ್ಷಣವೇ ಆಟೋ ಕರೆಯುತ್ತಿದ್ದೆ. ಆದರೆ ನನ್ನ ತಲೆಯಲ್ಲಿ ಒಂದೇ ಮಾತು: ನಡೆಸಿ, ನಡೆಸಿ. ಏಳು ಎಂದೆ. ರಟ್ಟೆ ಹಿಡಿದು ಎಬ್ಬಿಸಿದೆ. ಬೀದಿಗಿಳಿಸಿದೆ. ಆ ಬೀದಿಯಲ್ಲಿ ನಡೆಯುವವರಿಗೆ ಜಾಗವೇ ಇಲ್ಲ. ಎರಡೂ ಕಡೆ ಬೈಕುಗಳು, ನಡುವೆ ಮುಚ್ಚಳವಿಲ್ಲದ ಚರಂಡಿ. ಅವನು ನನ್ನ ಹೆಗಲು ಹಿಡಿದು ಮೂವತ್ತು ಹೆಜ್ಜೆ ಇಟ್ಟ, ನಲವತ್ತು ಇಟ್ಟ. ಹಾಲಿನಂಗಡಿಯ ಮುಂದೆ ಬರುವಷ್ಟರಲ್ಲಿ ಮುಖ ಬಿಳುಪೇರಿ ಬೆವರಿಳಿಯಿತು. ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

"ಇನ್ನೊಂದಿಷ್ಟು. ಆ ಕಂಬದವರೆಗೆ," ಎಂದೆ.

"ಆಗಲ್ಲ."

"ಆಗಲ್ಲ ಅನ್ಬೇಡ! ನಿನ್ನ ಬಾಯಲ್ಲಿ ಬೇರೆ ಮಾತೇ ಇಲ್ವಾ? ಅಪ್ಪನ ಥರ ಕೂತಲ್ಲೇ ಸಾಯ್ಬೇಕು ಅಂತ ಮಾಡಿದ್ದೀಯಾ?"

ಹಾಲಿನಂಗಡಿಯವನು ಕ್ಯಾನು ಇಳಿಸುವುದನ್ನು ಬಿಟ್ಟು ನೋಡುತ್ತಿದ್ದ. ಅಣ್ಣ ತಲೆ ತಗ್ಗಿಸಿಕೊಂಡೇ ಮಾತಾಡಿದ. ಅವನು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದೇ ಅಪರೂಪ.

"ನಿನಗೆ ಬೆಳಿಗ್ಗೆ ಎದ್ದ ತಕ್ಷಣ ಹೊರಗೆ ಹೋಗ್ಬೇಕು ಅನ್ಸತ್ತೆ, ಅಲ್ವಾ? ನನಗೆ ಯಾವತ್ತೂ ಅನ್ಸಿಲ್ಲ ಬುಗುರಿ. ಒಂದು ದಿನಾನೂ ಇಲ್ಲ. ಅನ್ಸತ್ತೇನೋ ಅಂತ ಎಷ್ಟೋ ಸಲ ಬಾಗಿಲಲ್ಲಿ ನಿಂತು ಕಾದಿದ್ದೀನಿ. ಬೀದಿ ನೋಡಿದ್ರೆ ನನಗೆ ಬೀದಿ ಅಷ್ಟೇ ಕಾಣೋದು. ನಾನು ಸೋಮಾರಿ ಅಲ್ಲ ಕಣೆ. ನನಗೆ ಅದು ಬರಲ್ಲ."

ಹೆಗಲು ಕೊಟ್ಟು ಅವನನ್ನು ವಾಪಸು ಕರೆತಂದೆ. ಅತ್ತಿಗೆ ಅಷ್ಟರಲ್ಲೇ ಆಟೋ ಕರೆಸಿದ್ದಳು. ಮೂವರಲ್ಲಿ ಬುದ್ಧಿ ಇದ್ದವಳು ಅವಳೊಬ್ಬಳೇ.

ಡಾಕ್ಟರು ಬೆರಳು ನೋಡಿ ನೋವಿನಿಂದ ಕಣ್ಣು ಮುಚ್ಚಿಕೊಂಡಳು. ಪಟ್ಟಿ ಕಾಲಿಗಿತ್ತು ಎಂದು ನಾನು ಹೇಳಿದೆ, ಕಟ್ಟಿದ್ದು ನಾನು ಎಂದೂ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಅವತ್ತು ತಾನೇ ಕಾಲುಚೀಲ ಬಿಚ್ಚಿಸಿ ನೋಡಬೇಕಿತ್ತು ಎಂದಷ್ಟೇ ಅಂದಳು. ನಾಲ್ಕು ದಿನ ಔಷಧಿ ಏರಿಸಿದರು, ಬಲೂನು ತೂರಿಸಿ ನೋಡಿದರು, ನಾಳ ತೆರೆಯಲಿಲ್ಲ. ಕಪ್ಪು ಪಾದಕ್ಕೆ ಏರಿತು. ಐದನೆಯ ದಿನ ಮಂಡಿಯ ಕೆಳಗೆ ಕತ್ತರಿಸಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಎಂದರು. ಅತ್ತಿಗೆ ಕಾಗದಕ್ಕೆ ಸಹಿ ಹಾಕಿದಳು. ನಾನು ಮೂವತ್ತು ವರ್ಷದಿಂದ ನಡೆಸಬೇಕೆಂದಿದ್ದ ಕಾಲು ಅದು. ಕೈಚೆಲ್ಲಿ ನಿಂತಿರುವುದನ್ನು ಬಿಟ್ಟು ನನ್ನಿಂದ ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕರೆದೊಯ್ಯುತ್ತೇವೆ ಎಂದಿದ್ದರು. ಅತ್ತಿಗೆ ಔಷಧಿಯ ಚೀಟಿ ಹಿಡಿದು ಕೆಳಗೆ ಹೋಗಿದ್ದಳು. ಅಣ್ಣ ಹಸಿರು ಅಂಗಿ ತೊಟ್ಟು ಮಲಗಿದ್ದ. ಅಂಗಿಯ ಅಂಚು ಹಿಡಿದು ನೋಡಿ, "ಎಂಥ ಹೊಲಿಗೆ ಇದು, ದಾರ ಎಲ್ಲ ಸಡಿಲ," ಎಂದು ಮುಖ ಸಿಂಡರಿಸಿದ. ಆಮೇಲೆ ಅವನು ನನ್ನ ಕೈ ಹಿಡಿದುಕೊಂಡ.

"ಬುಗುರಿ, ಭಯ ಆಗ್ತಿದೆ ಕಣೆ. ಅವರು ಬರೋವರೆಗೂ ಇಲ್ಲೇ ಕೂತಿರು."

"ಇಲ್ಲೇ ಇರ್ತೀನಿ ಅಣ್ಣ. ಎಲ್ಲಿಗೆ ಹೋಗ್ಲಿ?"

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವನು ಕಣ್ಣು ಮುಚ್ಚಿದ. ಐದು ನಿಮಿಷ ಚೆನ್ನಾಗಿಯೇ ಕೂತಿದ್ದೆ. ಆಮೇಲೆ ನನ್ನ ಬಲ ಮಂಡಿ ಅದುರತೊಡಗಿತು. ಕೈಯಲ್ಲಿ ಒತ್ತಿ ಹಿಡಿದೆ, ಎಡ ಮಂಡಿ ಶುರುವಾಯಿತು. ಕೂತಲ್ಲೇ ಕೂತರೆ ಉಸಿರುಕಟ್ಟಿದಂತಾಗುವುದು ನನಗೆ ಮೊದಲಿನಿಂದಲೂ ಇದ್ದದ್ದೇ. ಶಾಲೆಯಲ್ಲಿ ಅದಕ್ಕೇ ಏಟು ತಿಂದಿದ್ದೇನೆ, ಅಪ್ಪನ ಹೆಣದ ಪಕ್ಕದಲ್ಲಿ ಕೂತಿರಲಾಗದೆ ಇಡೀ ದಿನ ಅಂಗಳ ಸುತ್ತಿದ್ದೇನೆ. ಇವತ್ತೊಂದು ದಿನ, ಇದೊಂದು ಗಂಟೆ ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಗಡಿಯಾರ ನೋಡಿದೆ, ಒಂಬತ್ತೂ ಇಪ್ಪತ್ತು. ಇನ್ನೂ ಹೊತ್ತಿದೆ.

"ಒಂದು ಲೋಟ ನೀರು ಕುಡ್ದು ಬಂದೆ ಅಣ್ಣ," ಎಂದೆ. ಅವನು ಕಣ್ಣು ತೆರೆದು ಬೆರಳು ಸಡಿಲಿಸಿದ.

ಹೊರಗಿನ ಉದ್ದನೆಯ ಮೊಗಸಾಲೆಯಲ್ಲಿ ಎರಡು ಸುತ್ತು ಹಾಕಿ ಬರುವುದೆಂದು ಲೆಕ್ಕ. ನಡೆಯಲು ಶುರುಮಾಡಿದ ಕೂಡಲೇ ಎದೆ ಹಗುರಾಯಿತು. ಆ ಹಗುರಕ್ಕೆ ನನ್ನನ್ನು ನಾನೇ ಶಪಿಸಿಕೊಂಡೆ, ಆದರೂ ಕಾಲು ನಿಲ್ಲಲಿಲ್ಲ. ಕೊನೆಯ ಕಿಟಕಿ ಮುಟ್ಟಿ ತಿರುಗುತ್ತಿದ್ದೆ, ಮತ್ತೆ ಕೊನೆಯ ಕಿಟಕಿ ಬರುತ್ತಿತ್ತು. ಎಷ್ಟು ಸುತ್ತಾಯಿತೋ ಗೊತ್ತಿಲ್ಲ. ವಾರ್ಡಿಗೆ ವಾಪಸು ಬಂದಾಗ ಅಣ್ಣನ ಜಾಗದಲ್ಲಿ ಮಂಚವೇ ಇರಲಿಲ್ಲ. ಗಡಿಯಾರದಲ್ಲಿ ಒಂಬತ್ತೂ ಐವತ್ತೈದು.

ಆಯಾ ಆ ಖಾಲಿ ಜಾಗವನ್ನು ಒರೆಸುತ್ತಿದ್ದಳು.

"ಈಗ ತಾನೇ ಕರ್ಕೊಂಡು ಹೋದ್ರಮ್ಮ, ಮುಂಚೆಯೇ ಬಂದ್ಬಿಟ್ರು," ಎಂದಳು. "ನೀವು ಬರ್ತೀರ ಅಂತ ಬಾಗಿಲ ಕಡೆಯೇ ನೋಡ್ತಿದ್ರು. ಹುಡ್ಕೊಂಡು ಬರ್ಲಾ ಅಂದೆ. ಬೇಡ ಅಂದ್ರು. ಅವಳಿಗೆ ಕೂರೋಕೆ ಬರಲ್ಲ, ಬಂದ ಮೇಲೆ ಯಾರೂ ಬಯ್ಬೇಡಿ ಅಂದ್ರು."